ಅರ್ಧ ಊಟಕ್ಕೆ ಎದ್ದ ದಿನ

ಹರಿಹರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಂದು ಖಾನಾವಳಿ ಇದೆ. ಮನೆಯ ಪಡಸಾಲೆಯನ್ನೇ ಊಟದ ಕೋಣೆ ಮಾಡಿಕೊಂಡಿದ್ದಾರೆ. ಒಳಗೆ ರೊಟ್ಟಿ ಬಡಿಯುವ ಸದ್ದು ಹೊರಗೆ ಉಣ್ಣುವವರಿಗೆ ಕೇಳುತ್ತಿರುತ್ತದೆ. ನಾನು ಅದೇ ಊರಿನ ಡಿಗ್ರಿ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರದ ಅತಿಥಿ ಉಪನ್ಯಾಸಕಿ. ಮನೆ ದಾವಣಗೆರೆಯ ಸರಸ್ವತಿ ನಗರದಲ್ಲಿ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ನಡುವೆ ಈ ಖಾನಾವಳಿಯ ಊಟ. ಡಬ್ಬಿ ತರಬಹುದಿತ್ತು. ಆದರೆ ಡಬ್ಬಿ ತಂದರೆ ಸ್ಟಾಫ್ ರೂಮಿನಲ್ಲಿ ಕೂತು ಉಣ್ಣಬೇಕು, ಅಲ್ಲಿ ಎಲ್ಲರೂ ಎಲ್ಲರ ಮನೆಯ ಸುದ್ದಿ ಕೇಳುತ್ತಾರೆ. ಖಾನಾವಳಿಯಲ್ಲಿ ನನ್ನ ಬಗ್ಗೆ ಯಾರಿಗೂ ಏನೂ ಗೊತ್ತಿಲ್ಲ ಎಂಬುದೇ ಅಲ್ಲಿನ ರುಚಿಯ ಅರ್ಧ ಭಾಗವಾಗಿತ್ತು.

ತೊಂದರೆ ಒಂದೇ. ಅಲ್ಲಿ ಟೇಬಲ್ಲು ಯಾರ ಸ್ವಂತದ್ದೂ ಅಲ್ಲ. ಎಲ್ಲಿ ಕುರ್ಚಿ ಖಾಲಿ ಕಂಡರೆ ಅಲ್ಲಿಗೆ ಖಾನಾವಳಿಯ ಯಜಮಾನತಿ ಜನರನ್ನು ಕೂರಿಸುತ್ತಾರೆ. ಔಷಧಿ ಕಂಪನಿಯವರು, ಕೋರ್ಟಿಗೆ ಬಂದವರು, ಆಸ್ಪತ್ರೆಯಲ್ಲಿ ರೋಗಿಯನ್ನು ಬಿಟ್ಟು ಬಂದವರು, ಯಾರು ಬೇಕಾದರೂ ಎದುರಿಗೆ ಬಂದು ಕೂರಬಹುದು. ನಾನು ಗೋಡೆಯ ಕಡೆಯ ಮೂಲೆ ಹಿಡಿಯುತ್ತಿದ್ದೆ. ಬಂದವರನ್ನು ಮೊದಲು ಗಮನಿಸುತ್ತಿದ್ದೆ. ಹಸಿದು ಬಂದವರ ಕಣ್ಣು ಮೊದಲು ತಟ್ಟೆಯ ಮೇಲೆ ಹೋಗುತ್ತದೆ; ಅಂಥವರ ಎದುರು ನಿಶ್ಚಿಂತೆಯಿಂದ ಉಣ್ಣಬಹುದು. ಯಾರ ಕಣ್ಣು ಮೊದಲು ನನ್ನ ಮುಖದ ಮೇಲೆ ನಿಲ್ಲುತ್ತದೋ ಅವರ ಎದುರು ಅನ್ನ ಹಾಕಿಸಿಕೊಳ್ಳದೆ ರೊಟ್ಟಿಗೇ ಮುಗಿಸಿ ಏಳುತ್ತಿದ್ದೆ.

ಇದು ಹುಟ್ಟುಗುಣವಲ್ಲ. ಎಂ.ಎಸ್ಸಿ. ಮುಗಿಸಿದ ವರ್ಷ ಒಂದು ಭಾನುವಾರ ಚಿಕ್ಕಮ್ಮ ನನ್ನನ್ನು ಬೆಣ್ಣೆ ದೋಸೆಗೆ ಕರೆದುಕೊಂಡು ಹೋದಳು. ದಾವಣಗೆರೆಯಲ್ಲಿ ಭಾನುವಾರ ಬೆಳಿಗ್ಗೆ ದೋಸೆ ಹೋಟೆಲಿನಲ್ಲಿ ಜಾಗ ಹಂಚಿಕೊಳ್ಳುವುದು ಸಹಜ. ನಮ್ಮ ಟೇಬಲ್ಲಿಗೆ ಗಂಡ ಹೆಂಡತಿ ಇಬ್ಬರು ಬಂದು ಕೂತರು. ಚಿಕ್ಕಮ್ಮನಿಗೆ ಅವರ ಪರಿಚಯ ಅಲ್ಲೇ ಆದಂತೆ ಕಂಡಿತು. ಆ ಹೆಂಗಸು ನನ್ನ ಓದಿನ ಬಗ್ಗೆ ಕೇಳಿದರು. ಕೇಳುವವರು ಸಿಕ್ಕರಲ್ಲ ಎಂಬ ಖುಷಿಯಲ್ಲಿ ನಾನು ನನ್ನ ಪ್ರಾಜೆಕ್ಟಿನ ಬಗ್ಗೆ ಬಹಳ ಹೊತ್ತು ಹೇಳಿದೆ, ನಡುವೆ ನಕ್ಕೆ, ಎರಡನೇ ದೋಸೆ ತರಿಸಿಕೊಂಡೆ, ಬೆರಳಿಗೆ ಹತ್ತಿದ ಬೆಣ್ಣೆ ನೆಕ್ಕಿದೆ. ಆಮೇಲೆ ಮನೆಯಲ್ಲಿ ಪಿಸುಮಾತು ನಡೆದಾಗ ಗೊತ್ತಾಯಿತು, ಅವರು ಹುಡುಗನ ಅಕ್ಕ ಭಾವ ಎಂದು. ನನ್ನನ್ನು ನೋಡಿಕೊಂಡು ಹೋಗಿದ್ದರು. ಹುಡುಗಿ ಚಲೋ ಅದಾಳೆ, ಆದರೆ ಸ್ವಲ್ಪ ಬಿಡುಬೀಸು, ಸಂಕೋಚ ಇಲ್ಲ ಎಂದು ಹೇಳಿ ಕಳಿಸಿದ್ದರು.

ಬೇಡ ಅಂದದ್ದಕ್ಕೆ ನನಗೆ ಬೇಸರವಾಗಲಿಲ್ಲ. ನನಗೂ ಆಗ ಮದುವೆ ಬೇಕಿರಲಿಲ್ಲ. ಆದರೆ ಆ ಬೆಳಿಗ್ಗೆ ನಾನು ಎಷ್ಟು ಸಂತೋಷವಾಗಿದ್ದೆ ಎಂಬುದು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಆ ಟೇಬಲ್ಲಿನಲ್ಲಿ ಮೂವರಿಗೆ ಗೊತ್ತಿದ್ದದ್ದು ನನ್ನೊಬ್ಬಳಿಗೆ ಗೊತ್ತಿರಲಿಲ್ಲ. ಅಂದಿನಿಂದ ಅಪರಿಚಿತರು ಎದುರು ಕೂತು "ಏನು ಓದೀರಿ" ಎಂದರೆ ಸಾಕು, ಬೇಗ ಬೇಗ ಉಂಡು ಏಳುತ್ತಿದ್ದೆ.

ಈಗ ಹೇಳಬೇಕೆಂದಿರುವುದು ಹೋದ ವರ್ಷ ಶ್ರಾವಣದ ಒಂದು ಶನಿವಾರದ ಮಾತು. ದೇವಸ್ಥಾನಕ್ಕೆ ಬಂದವರೆಲ್ಲ ಊಟಕ್ಕೆ ಇಳಿದು ಖಾನಾವಳಿ ತುಂಬಿತ್ತು. ನನಗೆ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು ಬಡಿಸಿ ಆಗಿತ್ತು. ಒಂದು ರೊಟ್ಟಿ ಮುಗಿಯುವಷ್ಟರಲ್ಲಿ ಎದುರಿನ ಎರಡು ಕುರ್ಚಿಗೆ ಒಬ್ಬ ಹೆಂಗಸು, ಒಬ್ಬ ಯುವಕ ಬಂದು ಕೂತರು. ತಾಯಿ ಮಗ ಎಂದು ಮೂಗು ನೋಡಿದರೇ ತಿಳಿಯುತ್ತಿತ್ತು. ತಾಯಿ ಇಳಕಲ್ ಸೀರೆ ಉಟ್ಟು, ಸೆರಗು ಹೊದ್ದು, ಹಣೆ ತುಂಬ ವಿಭೂತಿ ಹಚ್ಚಿದ್ದರು. ಮಗ ಇಸ್ತ್ರಿಯ ಗೆರೆ ಇನ್ನೂ ಮುರಿಯದ ಅಂಗಿ ಹಾಕಿಕೊಂಡಿದ್ದ. ಖಾನಾವಳಿಗೆ ಯಾರೂ ಅಂಥ ಅಂಗಿ ಹಾಕಿಕೊಂಡು ಬರುವುದಿಲ್ಲ.

ತಾಯಿಯ ಕಣ್ಣು ಮೊದಲು ನನ್ನ ಮುಖದ ಮೇಲೆ ಬಿತ್ತು. ಆಮೇಲೆ ನನ್ನ ಹಸಿರು ಚೂಡಿದಾರದ ಮೇಲೆ. ಆಮೇಲೆ ನನ್ನ ಕೈ ಮೇಲೆ, ಬೆರಳುಗಳ ಮೇಲೆ.

"ನಿಮ್ಮತ್ತೆ ಎಲ್ಲಿ ಅದಾರವಾ? ಕೈ ತೊಳ್ಯಾಕ ಹೋದ್ರೇನು?"

"ಯಾವ ಅತ್ತೆ?" ಎಂದೆ.

ಆಕೆ ಮಗನ ಕಡೆ ನೋಡಿ ತುಟಿ ಬಿಗಿಹಿಡಿದು ನಕ್ಕರು. "ಆತು ಬಿಡವಾ, ನಾವೇನೂ ಕೇಳಂಗಿಲ್ಲ. ನಾವು ಸುಮ್ನೆ ಉಂಬಾಕ ಬಂದೋರು."

ಸುಮ್ಮನೆ ಉಣ್ಣಲು ಬಂದವರು ಹಾಗೆಂದು ಹೇಳಿಕೊಳ್ಳುವುದಿಲ್ಲ. ನನಗೆ ಎಲ್ಲ ಹೊಳೆದುಬಿಟ್ಟಿತು ಅನ್ನಿಸಿತು. ಆ ಬೆಳಿಗ್ಗೆ ಅಮ್ಮ ತಾನಾಗಿ ಈ ಹಸಿರು ಚೂಡಿದಾರಕ್ಕೆ ಇಸ್ತ್ರಿ ಮಾಡಿಟ್ಟಿದ್ದಳು. ಹೊರಡುವಾಗ "ಇವತ್ತು ಮಧ್ಯಾಹ್ನ ಅಲ್ಲೇ ಉಣ್ತೀಯಲ್ಲ?" ಎಂದು ಕೇಳಿದ್ದಳು. ಎಂದೂ ಕೇಳದವಳು. ಟೇಬಲ್ಲಿನ ಕೆಳಗೆ ಎಡಗೈಯಿಂದ ಮೊಬೈಲಿನಲ್ಲಿ ಬರೆದೆ: ಯಾರನ್ನಾದರೂ ಕಳಿಸಿದೀಯಾ? ಕೂಡಲೇ ಉತ್ತರ ಬಂತು: ಯಾರನ್ನ? ಗ್ಯಾಸಿನವನನ್ನಾ? ನನಗೆ ನಂಬಿಕೆ ಬರಲಿಲ್ಲ. ಚಿಕ್ಕಮ್ಮನೂ ಅಂದು ಹೀಗೇ ಏನೂ ಅರಿಯದವಳಂತೆ ಮಾತಾಡಿದ್ದಳು.

"ಬಿ.ಎಡ್. ಮುಗೀತಂತಲ್ಲ," ಆಕೆ ಮುಂದುವರಿಸಿದರು. "ಇನ್ನ ಸಾಲ್ಯಾಗ ಕಲ್ಸಾಕ ಹೋಗೋದೋ, ಹೆಂಗೆ?"

"ನಾನು ಬಿ.ಎಡ್. ಮಾಡಿಲ್ರಿ."

"ಮಾಡಿಲ್ಲಾ?" ಆಕೆಯ ಮುಖ ಬದಲಾಯಿತು. "ನೀವು ಆನೆಕೊಂಡದೋರಲ್ಲೇನು?"

"ಅಲ್ಲ."

ಅಷ್ಟು ಹೊತ್ತು ನೀರಿನ ಲೋಟವನ್ನು ತಿರುಗಿಸುತ್ತ ಕೂತಿದ್ದ ಮಗ ಮೊದಲ ಬಾರಿ ಬಾಯಿಬಿಟ್ಟ. "ಅವ್ವಾ, ನಾ ಬಾಗ್ಲಾಗೇ ಹೇಳ್ಲಿಲ್ಲೇನು, ಫೋಟೋದಾಗ ಇರಾಕಿ ಇವ್ರಲ್ಲ ಅಂತ?"

"ಫೋಟೋದಾಗ ಎಲ್ರೂ ಒಂದೇ ಥರ ಬೆಳ್ಳಗೆ ಕಾಣ್ತಾರೆ ಕಣೋ. ಹಸ್ರು ಚೂಡಿದಾರ, ಕನ್ನಡಕ ಅಂತ ಹೇಳಿದ್ರು. ಇವ್ರಿಗೆ ಎರಡೂ ಅದಾವಲ್ಲ!"

ನನಗೆ ಹಗುರವಾಯಿತು. ನನ್ನನ್ನು ನೋಡಲು ಬಂದವರಲ್ಲ. ಅಮ್ಮನ ಮೇಲೆ ಸುಮ್ಮನೆ ಸಂಶಯಪಟ್ಟೆ, ಶ್ರಾವಣ ಶನಿವಾರ ಎಂದು ಇಸ್ತ್ರಿ ಮಾಡಿಟ್ಟಿರಬೇಕು ಅನ್ನಿಸಿತು. ಎರಡನೇ ರೊಟ್ಟಿ ಮುರಿದೆ. ಅಷ್ಟರಲ್ಲಿ ಆ ತಾಯಿ, ನಾನು ಆ ಹುಡುಗಿಯಲ್ಲ ಎಂದು ಖಾತ್ರಿಯಾದ ಮೇಲೆ, ತಮ್ಮ ಮನೆಯವಳೇ ಎಂಬಂತೆ ನನ್ನ ಕಡೆ ಬಾಗಿ ಗುಟ್ಟು ಬಿಚ್ಚಿದರು.

"ನಾವು ಕುಕ್ಕುವಾಡದೋರು. ಇವನಿಗೆ ಹೆಣ್ಣು ನೋಡಾಕ ಬಂದೀವಿ. ಹುಡುಗಿಗೆ ಹೇಳಿಲ್ಲಂತ್ರಿ. ಹೇಳಿದ್ರೆ ಬರಂಗಿಲ್ಲ, ಬಾಳ ಹಟ ಅಂತೆ. ಗುಡಿಗೆ ಅಂತ ಹೇಳಿ ಅವ್ರ ಸೋದರತ್ತೆ ಕರ್ಕೊಂಡು ಬಂದಾಳೆ. ನನಗೂ ಇದೇ ಚಲೋ ಅನ್ನಿಸ್ತು ನೋಡ್ರಿ. ಸೀರಿ ಉಡ್ಸಿ, ಹೂ ಮುಡ್ಸಿ, ಚಾಪಿ ಮ್ಯಾಲೆ ಕುಂದ್ರಿಸಿದ್ರೆ ಏನು ಗೊತ್ತಾಗ್ತೈತೆ? ಹಿಂಗೆ ಉಂಬಾಗ ನೋಡಿದ್ರೆ ಗುಣ ಗೊತ್ತಾಗ್ತೈತೆ."

ಆ ಮಾತಿನಲ್ಲಿ ತರ್ಕ ಇತ್ತು ಎಂಬುದೇ ನನ್ನನ್ನು ಹೆಚ್ಚು ಚುಚ್ಚಿತು. ಆಕೆ ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ತರಕಾರಿಯನ್ನು ತಿರುಗಿಸಿ ನೋಡುವಷ್ಟು ಸಹಜವಾಗಿ ಹೇಳಿದರು. ಅಂದು ನನ್ನನ್ನು ನೋಡಿ ಹೋದ ಅಕ್ಕನೂ ಹೀಗೇ ಯಾರಿಗೋ ಹೇಳಿರಬೇಕು.

ಬಾಗಿಲಿನ ಹತ್ತಿರದ ಟೇಬಲ್ಲಿನಲ್ಲಿ ಹಸಿರು ಬಟ್ಟೆ ಕಂಡಿತು. ನನ್ನದಕ್ಕಿಂತ ಗಾಢ ಹಸಿರು. ಕನ್ನಡಕ ಹಾಕಿದ ಹುಡುಗಿ, ನನಗಿಂತ ಸ್ವಲ್ಪ ಚಿಕ್ಕವಳು. ಎಣ್ಣೆ ಹಚ್ಚಿದ ಕೂದಲಿಗೆ ರಬ್ಬರ್ ಬ್ಯಾಂಡ್ ಹಾಕಿದ್ದಳು. ಎದುರಿಗೆ ಕೂತ ಅತ್ತೆಗೆ ಏನೋ ಕಥೆ ಹೇಳುತ್ತಿದ್ದಳು. ಬಾಯಲ್ಲಿ ತುತ್ತು, ಗಾಳಿಯಲ್ಲಿ ಕೈ. ಯಾರದೋ ನಡಿಗೆಯನ್ನು ಕೂತಲ್ಲೇ ಅಣಕಿಸಿ ತಾನೇ ನಕ್ಕಳು. ಅತ್ತೆ ಒಂದು ಕ್ಷಣ ತಡವಾಗಿ ನಕ್ಕರು. ಅತ್ತೆಯ ಕಣ್ಣು ಕೋಣೆಯ ತುಂಬ ಯಾರನ್ನೋ ಹುಡುಕುತ್ತಿತ್ತು. ಆ ಟೇಬಲ್ಲಿನ ಇನ್ನೆರಡು ಕುರ್ಚಿಗಳಲ್ಲಿ ಇಬ್ಬರು ಗಂಡಸರು ಮಜ್ಜಿಗೆ ಕುಡಿಯುತ್ತಿದ್ದರು.

"ಅಲ್ಲಿ ಅದಾರೆ ನೋಡವ್ವಾ," ಎಂದ ಮಗ, ಬಹಳ ಮೆತ್ತಗೆ.

"ಅವರಿಬ್ರೂ ಏಳ್ಲಿ," ತಾಯಿ ಹೇಳಿದರು. "ಎದ್ದು, ತಾಟು ತಗದು, ಒರೆಸಿದ ಮ್ಯಾಲೆ ನಾವು ಹೋಗಿ ಕೂಡೋಣ. ನಮಗಿನ್ನೂ ತಾಟು ಬಂದಿಲ್ಲ, ಏಳಾಕ ಅಡ್ಡಿಯಿಲ್ಲ." ನನ್ನ ಕಡೆ ತಿರುಗಿ, "ನೀವು ನಿಮ್ಮ ಪಾಡಿಗೆ ಉಣ್ರಿ. ಯಾರ ಮುಂದೂ ಹೇಳ್ಬ್ಯಾಡ್ರಿ ಮತ್ತೆ," ಎಂದರು.

ನನ್ನ ಪಾಡಿಗೆ ಉಣ್ಣುವುದನ್ನು ಆ ಖಾನಾವಳಿಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆದರೂ ತುತ್ತು ಇಳಿಯಲಿಲ್ಲ. ಆ ಹುಡುಗಿ ಮತ್ತೆ ನಕ್ಕಳು. ಇನ್ನು ಸ್ವಲ್ಪ ಹೊತ್ತಿನಲ್ಲಿ ಈ ತಾಯಿ ಅವಳ ಪಕ್ಕದಲ್ಲಿ ಕೂತು, ಜಾಗ ಸಿಕ್ಕಿದ್ದು ಪುಣ್ಯ ಎಂಬಂತೆ ಮಾತು ತೆಗೆಯುತ್ತಾರೆ. ಅವಳು ಆ ನಡಿಗೆಯ ಕಥೆಯನ್ನು ಇವರಿಗೂ ಹೇಳಿ ತೋರಿಸುತ್ತಾಳೆ. ಆಮೇಲೆ ಒಂದು ದಿನ ಮನೆಯಲ್ಲಿ ಅವಳಿಗೆ ಗೊತ್ತಾಗುತ್ತದೆ.

ಹೋಗಿ ಹೇಳಬಾರದು ಎನ್ನುವುದಕ್ಕೆ ನನ್ನಲ್ಲಿ ಕಾರಣಗಳು ಬೇಕಾದಷ್ಟಿದ್ದವು. ನನಗೆ ಸಂಬಂಧವಿಲ್ಲದ ವಿಷಯ. ಅವಳಿಗೆ ಗೊತ್ತಿದ್ದೂ ನಟಿಸುತ್ತಿರಬಹುದು. ಹುಡುಗ ಒಳ್ಳೆಯವನೇ ಇರಬಹುದು, ನಾನು ಕೆಡಿಸಿದಂತಾಗಬಹುದು. ಅತ್ತೆ ಜಗಳಗಂಟಿಯ ಹಾಗೆ ಕಾಣುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಅಪರಿಚಿತರ ಟೇಬಲ್ಲಿಗೆ ನಾನಾಗಿ ಹೋಗಿ ಕೂತದ್ದು ನನ್ನ ಜೀವಮಾನದಲ್ಲೇ ಇರಲಿಲ್ಲ. ಅದೂ ಉಣ್ಣುವಾಗ. ನಮ್ಮ ಕಡೆ ಕೈ ಎಂಜಲಾದ ಮೇಲೆ ಊಟ ಮುಗಿಯುವ ತನಕ ಏಳುವುದಿಲ್ಲ. ಏಳುವುದೆಂದರೆ ಊಟ ಬಿಟ್ಟಂತೆ, ಬಡಿಸಿದವರಿಗೆ ಬೇಸರ ಮಾಡಿದಂತೆ. ತಟ್ಟೆ ಎತ್ತಿಕೊಂಡು ಜಾಗ ಬದಲಿಸುವುದನ್ನಂತೂ ಮಕ್ಕಳು ಮಾಡಿದರೂ ಬೈಯುತ್ತಾರೆ.

ಗಂಡಸರಿಬ್ಬರೂ ಎದ್ದರು. ತಟ್ಟೆಗಳು ಹೋದವು. ಬಟ್ಟೆ ಹಿಡಿದು ಬಂದ ಹೆಂಗಸು ಟೇಬಲ್ ಒರೆಸತೊಡಗಿದಳು. ಎದುರಿಗಿದ್ದ ತಾಯಿ ಸೆರಗು ಸರಿಮಾಡಿಕೊಂಡರು.

ನಾನು ಎಡಗೈಯಲ್ಲಿ ತಟ್ಟೆ ಎತ್ತಿಕೊಂಡು ಎದ್ದೆ. ಎಂಜಲು ಬಲಗೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಯ ಹತ್ತಿರ ಹಿಡಿದುಕೊಂಡೆ.

"ಏ ಯವ್ವಾ!" ಯಜಮಾನತಿಯ ದನಿ ಅಡುಗೆಮನೆಯ ಬಾಗಿಲಿನಿಂದ ಬಂತು. "ಉಣ್ಣೋ ತಾಟು ಎತ್ಕೊಂಡು ಎಲ್ಲಿಗೆ ಹೊಂಟ್ಯವಾ? ಅಲ್ಲೇನು ಇರುವಿ ಕಡ್ದಾವೇನು?"

ರೊಟ್ಟಿಯ ಸದ್ದು ನಿಂತಿತು. "ಬಸ್ಸಿನಾಗ ಕಿಟಕಿ ಸೀಟು ಹಿಡ್ದಂಗ ಹೊಂಟಾರೆ ಬಿಡ್ರಿ," ಎಂದರು ಯಾರೋ, ಒಂದಿಷ್ಟು ಜನ ನಕ್ಕರು. ಆ ಕೋಣೆಯ ಅಷ್ಟೂ ಮುಖಗಳು ನನ್ನ ಕಡೆ ಇದ್ದವು. ಕಾಳಿನ ರಸ ತಟ್ಟೆಯ ಅಂಚಿಗೆ ಬಂದು ಹೆಬ್ಬೆರಳಿಗೆ ತಾಗಿತು. ನಾನು ನಡೆದೆ. ಒದ್ದೆ ಟೇಬಲ್ಲಿನ ಮೇಲೆ ತಟ್ಟೆ ಇಟ್ಟು, ಆ ಹುಡುಗಿಯ ಪಕ್ಕದ ಕುರ್ಚಿಯಲ್ಲಿ ಕೂತೆ.

ಅವಳು ಮೊದಲು ನನ್ನ ಮುಖ ನೋಡಿದಳು, ಆಮೇಲೆ ತಟ್ಟೆ. "ಬರ್ರಿ," ಎಂದಳು, ಮರ್ಯಾದೆಗೆ.

ಸುತ್ತಿ ಬಳಸಿ ಹೇಳುವ ಕಲೆ ನನಗೆ ಬರುವುದಿಲ್ಲ. "ಆ ಗೋಡೆ ಕಡೆ ಟೇಬಲ್‌ನಾಗೆ ತಾಯಿ ಮಗ ಕೂತಾರೆ," ಎಂದೆ. "ನಿಮ್ಮನ್ನ ನೋಡಾಕ ಬಂದಾರೆ. ಮದುವಿಗೆ. ನಿಮಗೆ ಗೊತ್ತಿಲ್ಲ ಅಂತ ಅವ್ರೇ ಹೇಳಿದ್ರು. ಗೊತ್ತಿದ್ರೆ ನಾನು ಹೇಳಿದ್ದು ಬಿಟ್ಬಿಡ್ರಿ."

ಅವಳ ಕೈ ತಟ್ಟೆಯಲ್ಲೇ ನಿಂತಿತು. ಗೋಡೆಯ ಕಡೆ ತಿರುಗಿ ನೋಡಲಿಲ್ಲ. ಎದುರಿಗೆ ನೋಡಿದಳು.

"ಅತ್ತೇ?"

"ಯಾರೀಕಿ? ನಿನಗೆ ಪರಿಚಯನಾ?" ಅತ್ತೆ ನನ್ನನ್ನು ನೋಡುತ್ತ ಕೇಳಿದರು. "ಯಾರ್ರೀ ನೀವು? ಉಂಬೋರ ನಡುವೆ ಬಂದು ಕಡ್ಡಿ ಆಡ್ಸಾಕ ಹತ್ತೀರಲ್ಲ!"

"ಅತ್ತೇ, ಹೌದೋ ಅಲ್ಲೋ ಅಷ್ಟ ಹೇಳು."

"ನೋಡೋದು ಅಂದ್ರೆ ಏನವಾ, ಸುಮ್ನೆ ಮಾತಾಡ್ಸಿ ಹೋಗ್ತಿದ್ರು..."

ಹುಡುಗಿ ಅಳುತ್ತಾಳೆ ಎಂದುಕೊಂಡೆ. ಅವಳು ತಲೆ ಮುಟ್ಟಿ ನೋಡಿಕೊಂಡಳು. "ಎಣ್ಣಿ ತಲ್ಯಾಗ ಕರ್ಕೊಂಡು ಬಂದೀಯಲ್ಲತ್ತೇ. ಗುಡಿಗೆ ತಾನೇ, ತಲಿ ಎರ್ಕೊಳ್ಳೋದು ಬ್ಯಾಡ ಬಾ ಅಂದಿ. ನಿನಗೆ ನಾಚ್ಕಿ ಆಗ್ಲಿಲ್ಲೇನು?" ದನಿ ನಗುವಿನಂತೆ ಶುರುವಾಗಿ ಕೊನೆಗೆ ಒಡೆಯಿತು. ಲೋಟ ಎತ್ತಿ ನೀರು ಕುಡಿದಳು. ಹೇಳಿ ತಪ್ಪು ಮಾಡಿದೆನೇ ಎಂದು ನನಗೆ ಭಯವಾಯಿತು. ನನ್ನ ಜಾಗಕ್ಕೆ ಹಿಂದಿರುಗೋಣವೆಂದರೆ ಅಲ್ಲಿ ಆಗಲೇ ಬೇರೆ ಯಾರೋ ಕೂತಿದ್ದರು.

ಅಷ್ಟರಲ್ಲಿ ತಾಯಿ ಮಗ ಇಬ್ಬರೂ ಟೇಬಲ್ಲಿನ ಹತ್ತಿರ ಬಂದು ನಿಂತಿದ್ದರು. ಉಳಿದದ್ದು ಒಂದೇ ಕುರ್ಚಿ. ತಾಯಿ ನನ್ನ ಕಡೆ ನೋಡಿದ ನೋಟ ನೆನಪಿದೆ; ಹೇಳಬೇಡ ಎಂದದ್ದನ್ನು ಹೇಳಿದ ಮಗಳನ್ನು ನೋಡುವ ಹಾಗೆ.

"ಕೂಡ್ರಿ," ಹುಡುಗಿ ಹೇಳಿದಳು. "ನೋಡಾಕ ಬಂದೋರು ನಿಂತು ಯಾಕ ನೋಡ್ಬೇಕು? ಕೂತು ನೋಡ್ರಿ."

ತಾಯಿ ಕುರ್ಚಿಯಲ್ಲಿ ಕೂತರು. ಯಜಮಾನತಿ ಬೈದುಕೊಳ್ಳುತ್ತಲೇ ಮಗನಿಗೊಂದು ಸ್ಟೂಲ್ ಹಾಕಿಸಿದರು. ನಾನು ಏಳಲು ನೋಡಿದೆ. ಹುಡುಗಿ ನನ್ನ ಕಡೆ ತಿರುಗದೆಯೇ, "ನೀವು ಏಳ್ಬ್ಯಾಡ್ರಿ," ಎಂದಳು. ಕೂತೆ.

ಅವಳು ಮಗನನ್ನು ನೇರವಾಗಿ ಕೇಳಿದಳು. "ನನಗೆ ಹೇಳಿಲ್ಲ ಅಂತ ನಿಮಗೆ ಗೊತ್ತಿತ್ತೇನ್ರಿ?"

ಅವನು ಸುಳ್ಳು ಹೇಳಬಹುದಿತ್ತು. ನಾನು ಅದನ್ನೇ ಕಾಯುತ್ತಿದ್ದೆ. "ಗೊತ್ತಿತ್ತು," ಎಂದ. "ಸರಿ ಅನ್ನಿಸ್ಲಿಲ್ಲ. ಆದ್ರೂ ಬಂದೆ."

"ಹಂಗಾದ್ರೆ ಇವತ್ತು ಊಟ ಅಷ್ಟೇ," ಅವಳು ಹೇಳಿದಳು. "ಉಂಡು ಹೋಗ್ರಿ. ನೋಡೋದು ಇವತ್ತಿಲ್ಲ. ಬರ್ರಿ ಅಂತ ನಾನು ಹೇಳಿದ್ರೆ ಬರ್ರಿ, ಹೇಳ್ಲಿಲ್ಲ ಅಂದ್ರೆ ಇಲ್ಲ."

"ಅಯ್ಯ, ಎಂಥಾ ಮಾತವಾ!" ಅತ್ತೆ ಹಣೆ ಚಚ್ಚಿಕೊಂಡರು. ಆದರೆ ತಾಯಿ ಒಂದು ಗಳಿಗೆ ಅವಳನ್ನೇ ನೋಡಿ, "ಆತು," ಎಂದರು. "ಮೊದ್ಲು ನನಗೊಂದು ರೊಟ್ಟಿ ಹಾಕಾಕ ಹೇಳ್ರಿ. ಬೆಳಿಗ್ಗಿಂದ ಉಪಾಸ ಅದೀನಿ."

ರೊಟ್ಟಿ ಬಂತು. ಐದು ಜನ, ನಾಲ್ವರ ಟೇಬಲ್ಲು, ಮೊಣಕೈಗೆ ಮೊಣಕೈ ತಾಗುತ್ತಿತ್ತು. ಎಣ್ಣೆಗಾಯಿಗೆ ಉಪ್ಪು ಕಡಿಮೆ ಎಂದು ತಾಯಿ ಅಂದರು. ಸರಿಯಾಗಿದೆ ಎಂದು ಅತ್ತೆ ಬೇಕೆಂತಲೇ ಅಂದರು. ಇಬ್ಬರಿಗೂ ಅಲ್ಲಿಂದ ಮಾತು ಹತ್ತಿತು. ಮಗ ತಲೆ ಬಗ್ಗಿಸಿ ಉಣ್ಣುತ್ತಿದ್ದ. ನಾನು ಅವರೆಲ್ಲರನ್ನೂ ಸಂಶಯದಿಂದಲೇ ನೋಡುತ್ತಿದ್ದೆ: ಈ ತಾಯಿ ಇಷ್ಟು ಬೇಗ ಒಪ್ಪಿದ್ದೇಕೆ, ಆ ಮಗ ನಿಜ ಹೇಳಿದ್ದೂ ಒಂದು ಜಾಣತನವೇ, ಅತ್ತೆ ಮನೆಗೆ ಹೋಗಿ ಏನೆಂದು ಹೇಳುತ್ತಾರೆ. ವಿಚಿತ್ರವೆಂದರೆ ಅಷ್ಟೆಲ್ಲ ಸಂಶಯದ ನಡುವೆಯೂ ರೊಟ್ಟಿ ಇಳಿಯುತ್ತಿತ್ತು.

"ನಿಮಗೂ ಇನ್ನಾ ಆಗಿಲ್ಲೇನ್ರಿ, ಮದುವಿ?" ತಾಯಿ ಇದ್ದಕ್ಕಿದ್ದಂತೆ ನನ್ನನ್ನು ಕೇಳಿದರು.

ಮಗ "ಅವ್ವಾ!" ಎಂದ. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

"ಅದನ್ನ ಹೇಳಂಗಿಲ್ರಿ," ಎಂದೆ. "ಆ ಶೇಂಗಾ ಚಟ್ನಿ ಈ ಕಡೆ ಕೊಡ್ರಿ."

ಆಕೆ ಕೊಟ್ಟರು. ಅಷ್ಟೇ ಆದದ್ದು. ಹೇಳುವುದಿಲ್ಲ ಎಂದರೂ ಎದುರಿನವರ ಜೊತೆ ಉಣ್ಣಬಹುದು ಎಂಬುದು ಆ ವಯಸ್ಸಿನ ತನಕ ನನಗೆ ಹೊಳೆದಿರಲಿಲ್ಲ. ಆ ದಿನ ನಾನು ಅನ್ನವನ್ನೂ ಹಾಕಿಸಿಕೊಂಡೆ.

ಕೈ ತೊಳೆಯುವ ನಲ್ಲಿಯ ಹತ್ತಿರ ಹುಡುಗಿ ನನ್ನ ಪಕ್ಕಕ್ಕೆ ಬಂದು ನಿಂತಳು. ಕನ್ನಡಕ ತೆಗೆದು ಕಣ್ಣಿಗೆ ನೀರು ಹಾಕಿಕೊಂಡಳು. ಥ್ಯಾಂಕ್ಸ್ ಹೇಳುತ್ತಾಳೇನೋ ಎಂದು ಮುಜುಗರದಿಂದ ನಲ್ಲಿಯನ್ನೇ ನೋಡುತ್ತಿದ್ದೆ.

"ಅಕ್ಕಾ, ಒಂದು ಕೇಳ್ಲಾ?" ದನಿ ತಗ್ಗಿಸಿ ಕೇಳಿದಳು. "ನಿಮ್ಮನ್ನ ಯಾರು ಕಳ್ಸಿದ್ದು? ಹುಡುಗನ ಕಡೆಯೋರೇ ಏನು? ನಾನು ಏನು ಮಾಡ್ತೀನಿ ನೋಡಾಕ?"

ಒದ್ದೆ ಮುಖದಲ್ಲಿ ಅವಳ ಕಣ್ಣು ಕಿರಿದಾಗಿತ್ತು. ನನ್ನ ಕೈ, ನನ್ನ ಬಟ್ಟೆ, ನನ್ನ ಮುಖ ಎಲ್ಲವನ್ನೂ ಅಳೆಯುತ್ತಿದ್ದಳು.

"ಯಾರೂ ಕಳ್ಸಿಲ್ಲ," ಎಂದೆ. "ಎರಡು ವರ್ಷ ಆತು, ನಾನು ಇಲ್ಲಿ ದಿನಾ ಉಣ್ತೀನಿ. ಬೇಕಾದ್ರೆ ಖಾನಾವಳಿ ಅಮ್ಮಾರನ್ನ ಕೇಳಿ ನೋಡ್ರಿ."

ಅವಳು ಹ್ಞೂಂ ಎಂದಳು. ನಂಬಿದಳೋ ಇಲ್ಲವೋ ಮುಖದಲ್ಲಿ ಕಾಣಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಾನು ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಒಳಗೆ ನೋಡಿದೆ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಯಜಮಾನತಿಯ ಹತ್ತಿರ ಏನೋ ಕೇಳುತ್ತಿದ್ದಳು. ಯಜಮಾನತಿ ಕೈಯಲ್ಲಿ ಹಿಟ್ಟು ಹಿಡಿದುಕೊಂಡೇ ನನ್ನ ಕಡೆ ಬೊಟ್ಟು ಮಾಡಿ ಉತ್ತರ ಕೊಡುತ್ತಿದ್ದರು.

ನನಗೆ ಬೇಸರವಾಗಲಿಲ್ಲ. ಕೇಳಲಿ ಅನ್ನಿಸಿತು. ಎಲ್ಲರನ್ನೂ ಕೇಳಲಿ.